ಕಪ್ಪು ಬೆಲ್ಲ ಕೇಳುವ ಗಿರಾಕಿಗೆ ಏನು ಮಾರಬೇಕು, ಹೇಗೆ ಮಾರಬೇಕು?

ಮೊದಲೆಲ್ಲ ಬೆಳಗಾವಿ, ಹುಬ್ಬಳ್ಳಿ ಅಂಗಡಿಗಳಲ್ಲಿ ಬಂಗಾರದ ಬಣ್ಣದ ಪೆಂಟಿ (ಬೆಲ್ಲದ ಅಚ್ಚು) ಇಟ್ಟರೆ ಸಾಕಿತ್ತು, ತಾನೇ ಖರ್ಚಾಗುತ್ತಿತ್ತು. ಈಗ ಗಿರಾಕಿ ಪೆಂಟಿಯನ್ನು ತಿರುಗಿಸಿ ನೋಡಿ, “ಪೌಡರ್ ಹಾಕೀರೇನ್ರಿ? ಕಪ್ಪು ಬೆಲ್ಲ ಕೊಡ್ರಿ” ಅನ್ನುತ್ತಾರೆ. ಇನ್ನೊಬ್ಬರು “ಒಲಿಗೆ ಟೈರ್ ಹಾಕ್ತಾರಂತಲ್ರಿ, ಹೌದೇನು?” ಎಂದು ಕೇಳುತ್ತಾರೆ. ಮುಧೋಳ, ಮಹಾಲಿಂಗಪುರ, ಜಮಖಂಡಿ ಕಡೆ ಗಾಣ ನಡೆಸುವವರಿಗೆ ಇದು ಕಿರಿಕಿರಿ ಅನಿಸಬಹುದು. ಆದರೆ ಏನು ಬದಲಿಸಬೇಕು ಎಂದು ಗಿರಾಕಿಯೇ ಪುಕ್ಕಟೆ ಹೇಳುತ್ತಿದ್ದಾನೆ, ಅಲ್ವಾ? ಅವನ ಪ್ರಶ್ನೆ ಹಿಡಿದುಕೊಂಡು ಹಿಂದಕ್ಕೆ ನಡೆಯೋಣ.

ಮೊದಲು ಒಲೆ ನೋಡಿ

ಸರ್ಟಿಫಿಕೇಟು, ಪ್ಯಾಕೆಟ್ಟು ಎಲ್ಲ ಆಮೇಲೆ. ಹಳೇ ಟೈರ್, ಪ್ಲಾಸ್ಟಿಕ್, ರೆಗ್ಜಿನ್ ತುಂಡು ಉರಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಆ ಕರೀ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕೂತವನ ಎದೆಗೆ. ಹಿಂಡಿದ ಕಬ್ಬಿನ ಸಿಪ್ಪೆ ಚೆನ್ನಾಗಿ ಒಣಗಿದ್ದರೆ, ಒಲೆಯೂ ಸರಿಯಾಗಿದ್ದರೆ, ಬೇರೆ ಉರುವಲು ಹೆಚ್ಚು ಬೇಕಾಗುವುದಿಲ್ಲ. ಹಸಿ ಸಿಪ್ಪೆ ತುಂಬಿದಾಗಲೇ ಬೆಂಕಿ ಏಳದೆ ಟೈರಿನ ನೆನಪಾಗುವುದು. ಹಾಗಾಗಿ ಸಿಪ್ಪೆಯನ್ನು ಅಂಗಳದಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಒಂದಷ್ಟು ಮುಂಚೆಯೇ ಕೂಡಿಟ್ಟುಕೊಳ್ಳಿ. ಹೊರಗೆ ಹೋಗುವ ಶಾಖದ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಕೂರಿಸಿದರೆ ಮುಂದಿನ ಪಾಳಿಯ ಹಾಲು (ಕಬ್ಬಿನ ರಸ) ಅಲ್ಲೇ ಬೆಚ್ಚಗಾಗುತ್ತದೆ. ಉರುವಲೂ ಉಳಿಯುತ್ತದೆ.

ಕೊಪ್ಪರಿಗೆಯಲ್ಲಿ ಏನು ಬೇಡ, ಏನು ಬೇಕು

ಗಿರಾಕಿ ಹೇಳುವ ‘ಪೌಡರ್’ ಅಂದರೆ ಹೈಡ್ರೋಸ್, ಸೋಡಿಯಂ ಹೈಡ್ರೋಸಲ್ಫೈಟ್. ಅದು ಬಣ್ಣ ತೆಗೆಯುತ್ತದೆ, ಕೊಳೆ ತೆಗೆಯುವುದಿಲ್ಲ. ಅದರ ಹಳದಿ ಕೂಡ ಕೆಲವು ವಾರಗಳ ಮಾತು. ಇಟ್ಟಲ್ಲೇ ಬೆಲ್ಲ ಮತ್ತೆ ಕಂದುತ್ತದೆ.

ಅದರ ಬದಲು ಕೆಲಸವನ್ನು ಕಬ್ಬಿನಿಂದಲೇ ಶುರು ಮಾಡಿ. ಸುಲಿದು ಶುಚಿ ಮಾಡಿದ ಕಬ್ಬನ್ನು ಕಡಿದ 24 ತಾಸಿನೊಳಗೆ ಹಿಂಡಿ. ತಡವಾದಷ್ಟೂ ಸಕ್ಕರೆ ಅಂಶ ಒಡೆದು ಬೆಲ್ಲ ಗಟ್ಟಿಯಾಗುವುದಿಲ್ಲ. ಬೆಂಡೆ ಗಿಡದ ಕಾಂಡ, ಬೇರು ಜಜ್ಜಿ ನೀರಲ್ಲಿ ನೆನೆಸಿ ಹಿಸುಕಿದರೆ ಲೋಳೆ ಬರುತ್ತದೆ. ಹಾಲು ಕಾಯುವಾಗ ಅದನ್ನು ಹಾಕಿದರೆ ಕೊಳೆ ಮೇಲೆ ತೇಲುತ್ತದೆ, ಸೋಸಿ ತೆಗೆಯಬಹುದು. ಸುಣ್ಣದ ತಿಳಿ ಹದವಾಗಿರಲಿ, ಜಾಸ್ತಿಯಾದರೆ ಬೆಲ್ಲ ಕಪ್ಪಾಗುತ್ತದೆ. ನೊರೆ ಉಕ್ಕಿದರೆ ನಾಲ್ಕು ಹನಿ ಶೇಂಗಾ ಎಣ್ಣೆ ಸಾಕು. ಪಾಕ ಸುಮಾರು 118 ಡಿಗ್ರಿಗೆ ಬಂದಾಗ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣೀರಿಗೆ ಒಂದು ಹನಿ ಬಿಡಿ, ಉಂಡೆ ಕಟ್ಟಬೇಕು.

ಇಲ್ಲಿ ಗಿರಾಕಿಗೂ ಒಂದು ಮಾತು ಹೇಳಲೇಬೇಕು. ಕಪ್ಪಗಿರುವುದೆಲ್ಲ ಒಳ್ಳೆ ಬೆಲ್ಲ ಅಲ್ಲ. ತಳ ಹತ್ತಿದ ಬೆಲ್ಲವೂ ಕಪ್ಪು, ಸವಳು (ಉಪ್ಪೇರಿದ) ಭೂಮಿಯ ಕಬ್ಬಿನ ಬೆಲ್ಲವೂ ಕಪ್ಪು. ‘ಕಪ್ಪು ಬೇಕು’ ಎಂಬ ಹಟಕ್ಕೆ ಬಿದ್ದು ಬೇಕಂತಲೇ ಬಣ್ಣ ಕೆಡಿಸಿದರೆ ಅದೂ ಮೋಸವೇ. ಹೈಡ್ರೋಸ್ ಇಲ್ಲದ ಚೊಕ್ಕ ಬೆಲ್ಲ ತಿಳಿಗಂದು, ಗಾಢಗಂದು ಹೇಗಾದರೂ ಇರಬಹುದು. ಕಬ್ಬಿನ ತಳಿ, ಮಣ್ಣು, ಹಂಗಾಮು ನೋಡಿ ಬದಲಾಗುತ್ತದೆ. ಅನುಮಾನಪಡುವವರಿಗೆ ಬಣ್ಣ ತೋರಿಸುವುದಕ್ಕಿಂತ, ಹೈಡ್ರೋಸ್ ಹಾಕಿದರೆ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ ಪರೀಕ್ಷೆಯ ಲ್ಯಾಬ್ ವರದಿ ತೋರಿಸುವುದು ಮೇಲು.

ಆಮೇಲೆ ಹೊಲ

ಇದು ನಿಧಾನದ ಕೆಲಸ. ಇಡೀ ತೋಟ ಒಮ್ಮೆಲೇ ಬದಲಿಸಬೇಡಿ, ಒಂದೆಕರೆ ಸಾಕು. ಕಟಾವಾದ ಮೇಲೆ ರವದಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಹಚ್ಚುವುದು ಬಿಡಿ. ಎಕರೆಗೆ ಮೂರು ನಾಲ್ಕು ಟನ್ ರವದಿ ಸಿಗುತ್ತದೆ. ಸಾಲಿನ ನಡುವೆ ಹರಡಿ ಸಗಣಿ ರಾಡಿ ಸಿಂಪಡಿಸಿದರೆ ಕೊಳೆತು ಗೊಬ್ಬರವಾಗುತ್ತದೆ, ಕುಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ) ತೇವವೂ ನಿಲ್ಲುತ್ತದೆ. ಯೂರಿಯಾ ಸುರಿದಷ್ಟೂ ಬೆಲ್ಲ ಮೆತ್ತಗಾಗುತ್ತದೆ, ಕಂದುತ್ತದೆ. ಇದು ಗಾಣದವರಿಗೆಲ್ಲ ಗೊತ್ತು, ಬೆಳೆಯುವಾಗ ಮಾತ್ರ ಮರೆತುಹೋಗುತ್ತದೆ. ನೀರಿನ ಕತೆಯೂ ಅಷ್ಟೇ. ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ನೀರು ಹರಿಸಿ ಹರಿಸಿಯೇ ಎಷ್ಟೋ ಭೂಮಿ ಸವಳು ಜವಳಾಗಿದೆ. ಹನಿ ನೀರಾವರಿಯಿಂದ ನೀರು ಉಳಿಯುವುದರ ಜೊತೆಗೆ ಬೆಲ್ಲದ ಉಪ್ಪು ರುಚಿಯೂ ಕಡಿಮೆಯಾಗಬಹುದು.

ಪ್ಯಾಕೆಟ್ ಮೇಲೆ ಏನು ಬರೆಯಬೇಕು?

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ 14 ಅಂಕಿಯ ಸಂಖ್ಯೆ ಹಾಕಿ. ‘ಸಾವಯವ’ ಎಂಬ ಪದವನ್ನು ಸುಮ್ನೆ ಹಾಕಬೇಡಿ. ಹೈಡ್ರೋಸ್ ಬಿಟ್ಟಿದ್ದೀರಿ, ಹೊಲಕ್ಕೆ ಯೂರಿಯಾ ಹೋಗುತ್ತಿದೆ ಅಂದರೆ ‘ಹೈಡ್ರೋಸ್ ಹಾಕಿಲ್ಲ’ ಎಂದಷ್ಟೇ ಬರೆಯಿರಿ. ಸಾವಯವ ಪ್ರಮಾಣಪತ್ರಕ್ಕೆ ಹೊಲವನ್ನು ಎರಡು ಮೂರು ವರ್ಷ ಬದಲಾವಣೆಯ ಅವಧಿಯಲ್ಲಿ ಇಡಬೇಕಾಗುತ್ತದೆ. ಖರ್ಚು ಕಡಿಮೆಯ ದಾರಿ ಪಿಜಿಎಸ್: ಕನಿಷ್ಠ ಐದು ರೈತರು ಗುಂಪು ಕಟ್ಟಿ, ಒಬ್ಬರ ಹೊಲ ಇನ್ನೊಬ್ಬರು ತಪಾಸಣೆ ಮಾಡುವ ಪದ್ಧತಿ. ನೇರವಾಗಿ ಗಿರಾಕಿಗೆ ಮಾರುವ ಸಣ್ಣ ಬೆಳೆಗಾರರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಅವರು ಸಾವಯವ ಆಹಾರದ ಅಧಿಕೃತ ‘ಜೈವಿಕ್ ಭಾರತ್’ ಚಿಹ್ನೆ ಬಳಸುವಂತಿಲ್ಲ.

ದರ ಕಟ್ಟುವ ಲೆಕ್ಕ

ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ), 10.25 ಶೇಕಡಾ ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ ಇತ್ತು. ಅಂದರೆ ಕಿಲೋ ಬೆಲ್ಲದಲ್ಲಿ ಕಬ್ಬೇ ಸುಮಾರು 35 ರೂಪಾಯಿ ಆಯಿತು. ಅದರ ಮೇಲೆ ಆಳು, ಬೆಂಡೆ, ಪ್ಯಾಕಿಂಗ್, ಸಾಗಣೆ ಕೂಡಿಸಿ. ಈ ಲೆಕ್ಕವನ್ನು ಗಿರಾಕಿಯ ಮುಂದೆಯೇ ಹೇಳಿ, ಮುಚ್ಚಿಡಬೇಡಿ. ಪೇಟೆಯ ಸವಾಲಿನಲ್ಲಿ (ಹರಾಜಿನಲ್ಲಿ) ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ಕಣ್ಣಿಗೆ ಕಂಡ ಬಣ್ಣಕ್ಕೇ ದರ ಕೂಗುತ್ತಾರೆ, ನಿಮ್ಮ ಕಂದು ಪೆಂಟಿ ಕೆಳಗೆ ಹೋಗುತ್ತದೆ. ಆದ್ದರಿಂದ ಮೊದಲ ವರ್ಷ ನೇರವಾಗಿ ಕೊಳ್ಳುವ ಮನೆಗಳ ಪಟ್ಟಿ ಮಾಡಿ, ಅವರು ಹೇಳಿದಷ್ಟೇ ಕಾಯಿಸಿ. ಸಂಕ್ರಾಂತಿಗೆ ಮುಂಚೆ ನಾಲ್ಕು ಮನೆಯವರನ್ನು ಗಾಣಕ್ಕೆ ಕರೆದು ಬಿಸಿ ಬೆಲ್ಲ ತಿನ್ನಿಸಿ, ಒಲೆಯನ್ನೂ ತೋರಿಸಿ.

ಇನ್ನು ಪ್ಲಾಸ್ಟಿಕ್ ತಂಟೆ. ಪ್ಲಾಸ್ಟಿಕ್ ಬೇಡ ಅನ್ನುವ ಗಿರಾಕಿಯೇ ಮಳೆಗಾಲದಲ್ಲಿ ಬೆಲ್ಲ ಜಿನುಗಿತು ಎಂದು ಫೋನ್ ಮಾಡುತ್ತಾನೆ. ಬರೀ ಕಾಗದದ ಪೊಟ್ಟಣ ಬೇಸಿಗೆ ಮುಗಿಯುವವರೆಗೆ ಮಾತ್ರ. ವರ್ಷದ ಬೆಲ್ಲ ಒಯ್ಯುವವರಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ತರಲು ಹೇಳಿ, ಪಂಚಮಿ ಉಂಡಿಗೆ ಬೇಕಾದ್ದನ್ನು ಮಾರ್ಚ್‌ನಲ್ಲೇ ತುಂಬಿಸಿ ಕಳಿಸಿ.