ಮಲದ್ವಾರದಲ್ಲಿ ಜ್ವರ ನೋಡುವುದು: ಎಲ್ಲಾ ಇರುವುದು ಹಿಡಿತದಲ್ಲಿ

ನರ್ಸ್ ಆಗಿ ಸೇರಿದ ಹೊಸತರಲ್ಲಿ ನನಗೆ ಇಂಜೆಕ್ಷನ್ ಕೊಡುವುದಕ್ಕೆ ಭಯ ಇರಲಿಲ್ಲ. ಹಸುಗೂಸಿನ ಮಲದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡು ಅಂದರೆ ಮಾತ್ರ ಕೈ ನಡುಗುತ್ತಿತ್ತು.

ಮೊದಲ ಸಲ ಅದನ್ನು ಪೆನ್ನಿನ ಹಾಗೆ ಮೇಲ್ಗಡೆ ಹಿಡಿದಿದ್ದೆ. ಸೀನಿಯರ್ ಸಿಸ್ಟರ್ ತಕ್ಷಣ ತಡೆದರು. "ಮಗು ಒದ್ದರೆ ನಿನ್ನ ಕೈ ಇಲ್ಲೇ ಇರುತ್ತೆ, ಥರ್ಮಾಮೀಟರ್ ಒಳಗೆ ಹೋಗುತ್ತೆ. ಕೆಳಗೆ ಹಿಡಿ." ಅವರು ತೋರಿಸಿದ್ದು ಹೀಗೆ. ತುದಿಯಿಂದ ಅರ್ಧ ಇಂಚು ಬಿಟ್ಟು ಎರಡು ಬೆರಳ ನಡುವೆ ಹಿಡಿಯಬೇಕು. ಅಂಗೈ ಮಗುವಿನ ಅಂಡಿನ ಮೇಲೆ ಕೂರಬೇಕು. ಆಗ ಮಗು ಹೊರಳಿದರೆ ಕೈಯೂ ಜೊತೆಗೇ ಹೊರಳುತ್ತದೆ. ಬೆರಳು ಅಡ್ಡ ಇರುವುದರಿಂದ ತುದಿ ಜಾಸ್ತಿ ಆಳಕ್ಕೆ ಹೋಗುವುದಿಲ್ಲ. ಇವತ್ತಿಗೂ ನಾನು ಹಿಡಿಯುವುದು ಹಾಗೇ.

ಆರು ತಿಂಗಳೊಳಗಿನ ಮಗುವಿಗೆ ಅರ್ಧ ಇಂಚು ಸಾಕು. ಸ್ವಲ್ಪ ದೊಡ್ಡ ಮಗುವಿಗೂ ಒಂದು ಇಂಚು ದಾಟಿಸುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸಿಗಂತೂ ಡಾಕ್ಟರು ಹೇಳದೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ಮಗುವನ್ನು ಅಂಗಾತ ಮಲಗಿಸಿ, ಕಾಲೆರಡನ್ನೂ ಹೊಟ್ಟೆ ಕಡೆ ಮಡಚುತ್ತೇನೆ. ತುದಿ ಬಗ್ಗುವ ಡಿಜಿಟಲ್ ಥರ್ಮಾಮೀಟರ್, ಅದಕ್ಕೆ ಚೂರು ಪೆಟ್ರೋಲಿಯಂ ಜೆಲ್ಲಿ. ಗಾಜಿನದು ಬೇಡವೇ ಬೇಡ. ತುದಿ ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ, ತೆಗೆಯುತ್ತೇನೆ. ಬೀಪ್ ಬರುವವರೆಗೂ ಕೈ ಬಿಡುವುದಿಲ್ಲ. ಕೆಳಗೆ ಒಂದು ಹಳೇ ಬಟ್ಟೆ ಇರಲಿ, ಎಷ್ಟೋ ಮಕ್ಕಳು ಆ ಹೊತ್ತಿಗೇ ಕಕ್ಕ ಮಾಡಿಬಿಡುತ್ತವೆ!

ಒಂದು ಸಲ ಗುರುತಿನವರೊಬ್ಬರು ಫೋನ್ ಮಾಡಿದ್ದರು. ಐದು ವಾರದ ಮಗು, 100.6 ಡಿಗ್ರಿ ಫ್ಯಾರನ್‌ಹೀಟ್. "ಹಿಂದಿನಿಂದ ನೋಡಿದರೆ ಜಾಸ್ತಿ ತೋರಿಸುತ್ತಂತೆ, ಒಂದು ಡಿಗ್ರಿ ಕಳೆದರೆ ಜ್ವರ ಇಲ್ಲ ಅಲ್ವಾ?" ಬಾಯಿಗಿಂತ ಅರ್ಧದಿಂದ ಒಂದು ಡಿಗ್ರಿ ಜಾಸ್ತಿ ಬರುವುದು ನಿಜ. ಆದರೆ 100.4, ಅಂದರೆ 38 ಸೆಲ್ಸಿಯಸ್ ಅನ್ನುವ ಜ್ವರದ ಗೆರೆ ಹಾಕಿರುವುದೇ ಮಲದ್ವಾರದ ಅಳತೆಗೆ. ಕಳೆಯುವ ಹಾಗಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ ಅಷ್ಟು ಬಂದರೆ, ಲವಲವಿಕೆಯಿಂದ ಇದ್ದರೂ ತಡ ಮಾಡದೆ ಡಾಕ್ಟರಿಗೆ ತೋರಿಸಲೇಬೇಕು. ಅವರಿಗೂ ಅದನ್ನೇ ಹೇಳಿ ಹೊರಡಿಸಿದೆ.

ದೊಡ್ಡವರಲ್ಲಿ ಕಷ್ಟ ಬೇರೆ. ಅಲ್ಲಿ ಮೊದಲು ಬೇಕಾಗಿರುವುದು ಮಾತು. ಏನು ಮಾಡುತ್ತೇನೆ, ಯಾಕೆ ಅಂತ ಹೇಳಿ, ಒಪ್ಪಿಗೆ ಕೇಳಿ, ಪರದೆ ಎಳೆದು, ಬೇಕಾದಷ್ಟೇ ಬಟ್ಟೆ ಸರಿಸುತ್ತೇನೆ. ಎಡ ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ನಿಧಾನಕ್ಕೆ ಉಸಿರು ಬಿಡಿ ಅನ್ನುತ್ತೇನೆ. ಒಂದರಿಂದ ಒಂದೂವರೆ ಇಂಚು, ಅಷ್ಟೇ.

ನಾನು ಎಡವುವುದರಲ್ಲಿದ್ದದ್ದೂ ದೊಡ್ಡವರ ವಿಷಯದಲ್ಲೇ. ಕೀಮೋ ನಡೆಯುತ್ತಿದ್ದ ಅಜ್ಜ, ಬಾಯಲ್ಲಿ ಥರ್ಮಾಮೀಟರ್ ನಿಲ್ಲುತ್ತಿರಲಿಲ್ಲ. ಜೆಲ್ಲಿ ಹಚ್ಚಿಯೂ ಆಗಿತ್ತು. ಸುಮ್ನೆ ಒಮ್ಮೆ ಫೈಲ್ ತಿರುವಿದೆ. ಬಿಳಿ ರಕ್ತಕಣ ತೀರಾ ಕಡಿಮೆ. ಅಂಥವರಿಗೆ ಒಳಗೆ ಕೂದಲೆಳೆಯಷ್ಟು ಗೀರಾದರೂ ಸೋಂಕು ನೇರ ರಕ್ತಕ್ಕೆ ಇಳಿಯಬಹುದು. ಥರ್ಮಾಮೀಟರ್ ವಾಪಸ್ ಇಟ್ಟು ಕಿವಿಯಲ್ಲಿ ನೋಡಿದೆ. ಈಗ ಫೈಲ್ ಮೊದಲು, ಜೆಲ್ಲಿ ಆಮೇಲೆ. ಪ್ಲೇಟ್‌ಲೆಟ್ ಕಡಿಮೆ ಇರುವವರು, ಆ ಜಾಗದಲ್ಲಿ ಆಪರೇಷನ್ ಆದವರು, ರಕ್ತ ಬರುವ ಮೂಲವ್ಯಾಧಿ ಅಥವಾ ಭೇದಿ ಇರುವವರಿಗೂ ಇದು ಬೇಡ. ಬಿಸಿಲಿಗೆ ಕುಸಿದು ಮಾತು ತೊದಲುತ್ತಿರುವವರಲ್ಲಿ ಮಾತ್ರ ನನಗೆ ಬೇರೆ ಅಳತೆಯ ಮೇಲೆ ನಂಬಿಕೆ ಇಲ್ಲ. ಒಳಗೆ 104 ದಾಟಿದ್ದರೂ ಕಂಕುಳು ಕಡಿಮೆ ತೋರಿಸಿಬಿಡಬಹುದು.

ಮುಗಿದ ಮೇಲೆ ಸೋಪು ನೀರಲ್ಲಿ ತೊಳೆದು ಸ್ಪಿರಿಟ್‌ನಿಂದ ಒರೆಸುತ್ತೇನೆ. ಮನೆಯಲ್ಲಿ ಇದಕ್ಕೆ ಬೇರೆಯದೇ ಥರ್ಮಾಮೀಟರ್ ಇದೆ, ಕೆಂಪು ಟೇಪ್ ಸುತ್ತಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಆದರೂ ಯಾರಿಗೆ ಜ್ವರ ಬಂದರೂ ಬಾಯಿಗಿಡುವ ಮುಂಚೆ ಒಂದು ಸಲ ನನ್ನ ಮುಖ ನೋಡುತ್ತಾರೆ.