ಕಪ್ಪು ಬಟ್ಟೆ, ಒಂದು ಗಂಟೆ ಮೌನ

ಯುದ್ಧದ ಸುದ್ದಿ ನೋಡಿ ಸುಮ್ನೆ ಕೂರಲಾಗದಿದ್ದರೆ, ಐದಾರು ಜನ ಸೇರಿ ಮೌನವಾಗಿ ನಿಲ್ಲಿ. 1988ರಲ್ಲಿ ಜೆರುಸಲೇಮಿನ ಹೆಂಗಸರು ಶುರು ಮಾಡಿದ್ದು ಹೀಗೇ: ಪ್ರತಿ ಶುಕ್ರವಾರ, ಕಪ್ಪು ಬಟ್ಟೆ, ಒಂದು ಗಂಟೆ.

ಬೆಂಗಳೂರಲ್ಲಾದರೆ ಜಾಗ ಫ್ರೀಡಂ ಪಾರ್ಕ್. ಪೊಲೀಸರ ಅನುಮತಿ ಮೊದಲೇ ಪಡೆಯಿರಿ.

ಫಲಕದ ಬಗ್ಗೆ ಜಾಸ್ತಿ ಯೋಚಿಸಿ. ನಾನು ಕಪ್ಪು ರಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ ‘ಯುದ್ಧ ನಿಲ್ಲಿಸಿ’ ಎಂದಷ್ಟೇ ಬರೆಯುತ್ತೇನೆ. ಅಕ್ಷರ ಅಂಗೈ ಅಗಲ ಇರಲಿ, ಬಸ್ಸಿನಲ್ಲಿ ಕೂತವರಿಗೂ ಕಾಣಬೇಕು ಅಲ್ವಾ? ಯಾವ ದೇಶದ ಬಾವುಟವೂ ಬೇಡ. ಮಕ್ಕಳು ಎರಡೂ ಕಡೆ ಸಾಯುತ್ತಾರೆ.

ಯಾರಾದರೂ ಬೈದರೆ ತಿರುಗಿ ಬೈಯಬೇಡಿ. ಮಾತಾಡಲು ಒಬ್ಬರನ್ನು ಮೊದಲೇ ಗೊತ್ತು ಮಾಡಿ, ಅವರ ಕೈಲಿ ಕರಪತ್ರ ಇರಲಿ. ಮೊದಲ ಸಲ ನನ್ನ ಕಾಲು ನಡುಗಿತ್ತು. ಪಕ್ಕದಲ್ಲಿದ್ದ ಅಜ್ಜಿ ಸುಮ್ನೆ ನನ್ನ ಕೈ ಹಿಡಿದುಕೊಂಡರು. ಅದಕ್ಕೇ ಹೊಸಬರನ್ನು ಸಾಲಿನ ನಡುವೆ ನಿಲ್ಲಿಸಿ.