ಏಸಿ ಇಲ್ಲದೆ ಬೆಂಗಳೂರಿನ ಬೇಸಿಗೆ: ಹೊಸದಾಗಿ ಬಂದ ಮನೆಯವರಿಗೆ

ಊರಿಂದ ಹೊರಡುವಾಗ ಎಲ್ಲರೂ ಒಂದೇ ಮಾತು ಹೇಳಿ ಕಳಿಸಿರುತ್ತಾರೆ: "ಬೆಂಗಳೂರಲ್ವಾ, ಅಲ್ಲಿ ಫ್ಯಾನೂ ಬೇಕಾಗಲ್ಲ ಬಿಡು." ನಮಗೂ ಹೇಳಿದ್ದರು. 2016ರ ಮಾರ್ಚಿನಲ್ಲಿ ದಾವಣಗೆರೆಯಿಂದ ಗಂಟುಮೂಟೆ ಕಟ್ಟಿಕೊಂಡು ಬಂದೆವು. ಮರು ತಿಂಗಳೇ ಇಲ್ಲಿ 39.2 ಡಿಗ್ರಿ ಬಿಸಿಲು, ಊರಿನ ದಾಖಲೆ!

ಹಾಗಂತ ಬಂದ ವಾರಕ್ಕೇ ಕಂತಿನ ಮೇಲೆ ಏಸಿ ತರಬೇಡಿ. ಗಂಟೆಗೆ ಒಂದು ಯೂನಿಟ್ ಎಂದರೂ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ತಲೆಗೇ.

ಈ ಊರು 900 ಮೀಟರ್‌ಗಿಂತ ಎತ್ತರದಲ್ಲಿದೆ. ಹಗಲು ಎಷ್ಟೇ ಸುಟ್ಟರೂ ಬೆಳಗಿನ ಜಾವಕ್ಕೆ ಹೊರಗೆ ಸಾಮಾನ್ಯವಾಗಿ 22–23 ಡಿಗ್ರಿಗೆ ಇಳಿದಿರುತ್ತದೆ. ಸೆಕೆ ಉಳಿಯುವುದು ನಮ್ಮ ಗೋಡೆ, ತಾರಸಿಯೊಳಗೆ. ಅದನ್ನು ರಾತ್ರಿ ಹೊರಗೆ ಕಳಿಸಬೇಕು, ಹಗಲು ಒಳಗೆ ಬಿಡಬಾರದು. ಮುಂದೆ ಹೇಳುವುದೆಲ್ಲ ಇದೇ.

ಕಿಟಕಿ

ನಮ್ಮ ನಿವಾಸಿಗಳ ಸಂಘದಲ್ಲಿ ಇದಕ್ಕೆ ಪ್ರತಿ ವರ್ಷ ಜಗಳ. ಮಂಗಳೂರಿನ ಕಡೆಯವರು ದಿನವಿಡೀ ಕಿಟಕಿ ತೆರೆದಿಡುತ್ತಾರೆ. ಅಲ್ಲಿ ಬೆವರು ಆರಬೇಕಾದರೆ ಗಾಳಿ ಆಡಲೇಬೇಕು, ಅವರ ಅಭ್ಯಾಸ ಅವರ ಊರಿಗೆ ಸರಿ. ಕಲಬುರಗಿಯವರು ಹತ್ತು ಗಂಟೆಗೆಲ್ಲ ಕಿಟಕಿ ಮುಚ್ಚಿ ಪರದೆ ಎಳೆದು ಕೂರುತ್ತಾರೆ. ಇಲ್ಲಿಯ ಮಾರ್ಚ್, ಏಪ್ರಿಲ್ ಬಿಸಿಲು ಒಣ ಬಿಸಿಲು. ಹಾಗಾಗಿ ಇಲ್ಲಿ ಕಲಬುರಗಿಯವರದೇ ಸರಿ. (ಇದನ್ನು ಬರೆದದ್ದಕ್ಕೆ ಮುಂದಿನ ಸಭೆಯಲ್ಲಿ ನನಗೆ ಕಾದಿದೆ.)

ಬೆಳಗ್ಗೆ ಒಂಬತ್ತು, ಒಂಬತ್ತೂವರೆಗೆ ಮುಚ್ಚಿ. ಸಂಜೆ ಹೊರಗಿನ ಗಾಳಿ ಮುಖಕ್ಕೆ ತಂಪು ಎನ್ನಿಸಿದ ಮೇಲೆ ತೆರೆಯಿರಿ, ರಾತ್ರಿಯಿಡೀ ತೆರೆದೇ ಇರಲಿ. ಒಂದು ಕಿಟಕಿ ಸಾಲದು, ಎದುರುಬದುರು ಎರಡು ಬೇಕು. ಸೊಳ್ಳೆಗೆ ಹೆದರಿ ಆರು ಗಂಟೆಗೇ ಎಲ್ಲ ಬಿಗಿದು ಮಲಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಟಿಸುವ ವೆಲ್ಕ್ರೋ ಜಾಲರಿ ಸಿಗುತ್ತದೆ, ಅಳತೆ ತೆಗೆದು ನೀವೇ ಹಾಕಬಹುದು, ಮಾಲೀಕರನ್ನು ಕೇಳುವಂಥದ್ದೇನಲ್ಲ. ಕೆಳಮನೆಯವರು ಮಾತ್ರ ಕಿಟಕಿ ಹತ್ತಿರ ಮೊಬೈಲು, ಪರ್ಸು ಇಟ್ಟು ಮಲಗಬೇಡಿ. ಕೋಲು ತೂರಿಸಿ ಎಳೆಯುವವರಿದ್ದಾರೆ.

ಪಡುವಣ ಕಿಟಕಿಗೆ ಒಳಗಿನ ಪರದೆಯಿಂದ ಹೆಚ್ಚು ಉಪಯೋಗವಿಲ್ಲ. ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ಹೊರಗಡೆ ಬಿದಿರಿನ ಪರದೆಯನ್ನೋ ನರ್ಸರಿಯವರು ಕಟ್ಟುವ ಹಸಿರು ನೆರಳುಬಲೆಯನ್ನೋ ಇಳಿಬಿಡಿ.

ಮೇಲಿನ ಮನೆ ಹಿಡಿಯುವ ಮುಂಚೆ

ಇದನ್ನು ನಿಧಾನವಾಗಿ ಓದಿ. ನಾವು ಅನುಭವಿಸಿದ್ದು.

ನಮ್ಮ ಮೊದಲ ಮನೆ ಮೂರನೇ ಮಹಡಿ, ಅದರ ಮೇಲೆ ಬರೀ ಆಕಾಶ. ಮಾಲೀಕರು "ಗಾಳಿ ಬೆಳಕು ನೋಡಿ, ಟೆರೇಸೆಲ್ಲ ನಿಮ್ದೇ" ಅಂದರು. ನಾವು ನೋಡಲು ಹೋದದ್ದು ಬೆಳಗ್ಗೆ ಎಂಟಕ್ಕೆ. ತಂಪಾಗೇ ಇತ್ತು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟೆವು.

ಏಪ್ರಿಲ್‌ನ ಒಂದು ರಾತ್ರಿ ಹನ್ನೊಂದಕ್ಕೆ ಮಗು ಅಳು ನಿಲ್ಲಿಸಲಿಲ್ಲ. ಕತ್ತು, ಬೆನ್ನೆಲ್ಲ ಬೆವರುಸಾಲೆ. ಮಂಚದ ಮೇಲೆ ನಿಂತು ಚಾವಣಿಗೆ ಅಂಗೈ ಒತ್ತಿದೆ. ರೊಟ್ಟಿ ಬೇಯಿಸಿ ಇಳಿಸಿಟ್ಟ ಹೆಂಚಿನ ಹಾಗೆ ಬೆಚ್ಚಗಿತ್ತು. ಫ್ಯಾನು ಆ ಕಾವನ್ನೇ ಎಳೆದು ನಮ್ಮ ಮೇಲೆ ಸುರಿಯುತ್ತಿತ್ತು. ಚಾಪೆ ತೆಗೆದುಕೊಂಡು ಟೆರೇಸಿಗೆ ಹೋದರೆ, ಅಲ್ಲಿ ಹೊದಿಕೆ ಬೇಕು ಅನ್ನುವಂಥ ಗಾಳಿ!

ಕಾರಣ ಆಮೇಲೆ ತಿಳಿಯಿತು. ಏಪ್ರಿಲ್ 24ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂಕಾಲರ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅನ್ನುತ್ತಾರೆ, ಮಕ್ಕಳಿಗೆ ತೋರಿಸಿ. ಆಗ ಬಿಸಿಲೆಲ್ಲ ಬೀಳುವುದು ತಾರಸಿಯ ಮೇಲೆ. ಕಾಂಕ್ರೀಟು ಹಗಲೆಲ್ಲ ಕುಡಿದದ್ದನ್ನು ರಾತ್ರಿ ಮನೆಯೊಳಗೆ ಬಿಡುತ್ತದೆ.

ಆದ್ದರಿಂದ ಮನೆ ನೋಡಲು ಮಧ್ಯಾಹ್ನ ನಾಲ್ಕಕ್ಕೆ ಹೋಗಿ. ಪಡುವಣ ಗೋಡೆ ಮುಟ್ಟಿ ನೋಡಿ. ಸಾಧ್ಯವಿದ್ದರೆ ಮೇಲೊಂದು ಮಹಡಿ ಇರುವ ಮನೆ ಹಿಡಿಯಿರಿ. ಬಸವನಗುಡಿ, ಮಲ್ಲೇಶ್ವರದ ಕಡೆ ಎತ್ತರದ ಸೂರು, ರೆಡ್ ಆಕ್ಸೈಡ್ ನೆಲದ ಹಳೇ ಮನೆ ಬಾಡಿಗೆಗೆ ಸಿಕ್ಕರೆ ನಲ್ಲಿ ಸೋರುತ್ತದೆ ಅಂತ ಬಿಟ್ಟು ಬರಬೇಡಿ. ಗೋಡೆಯ ಮೇಲ್ಭಾಗದ ವೆಂಟಿಲೇಟರಿಗೆ ರಟ್ಟು ಅಂಟಿಸಿದ್ದರೆ ಮೊದಲು ಕಿತ್ತುಹಾಕಿ. ಬಿಸಿಗಾಳಿ ಹೊರಗೆ ಹೋಗಲೆಂದೇ ಹಳಬರು ಅದನ್ನು ಇಟ್ಟದ್ದು.

ಮೇಲಿನ ಮನೆ ಹಿಡಿದಾಗಿದೆಯಾ? ಮಾಲೀಕರ ಒಪ್ಪಿಗೆ ಪಡೆದು ಫೆಬ್ರವರಿಯಲ್ಲೇ ತಾರಸಿಗೆ ಬಿಳಿ ಬಳಿಯಿರಿ. ತಾರಸಿಗೆಂದೇ ಬಿಳಿ ಪೇಂಟು ಬರುತ್ತದೆ. ಅಷ್ಟು ಖರ್ಚು ಬೇಡ ಅಂದರೆ ಸುಣ್ಣವೇ ಸಾಕು, ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಸಲ. ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಹೋಗಲಿ. ಮೊದಲು ಗುಡಿಸಿ, ಪಾಚಿ ಉಜ್ಜಿ. ಕಣ್ಣಿಗೆ ಸುಣ್ಣ ಸಿಡಿಯದ ಹಾಗೆ ಕನ್ನಡಕ ಹಾಕಿಕೊಳ್ಳಿ. ಬಿಳಿ ಬಳಿದಿರುವಾಗ ಮಧ್ಯಾಹ್ನ ಬರಿಗಾಲಲ್ಲಿ ಟೆರೇಸಿಗೆ ಹೋಗಿ ನೋಡಿ, ವ್ಯತ್ಯಾಸ ಅಂಗಾಲಿಗೇ ಗೊತ್ತಾಗುತ್ತದೆ.

ಟೆರೇಸಿಗೆ ಪೈಪು ಹಿಡಿದು ಕುಡಿಯುವ ನೀರು ಸುರಿಯುವುದು ಮಾತ್ರ ಬೇಡ. 2024ರಲ್ಲಿ ಬೋರ್‌ವೆಲ್ ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ್ದನ್ನು ಕಂಡಿದ್ದೇವೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆಗ ಆದೇಶ ಹೊರಡಿಸಿತ್ತು. ಅಕ್ವಾಗಾರ್ಡಿನಿಂದ ಹೊರಬೀಳುವ ನೀರು, ಬಟ್ಟೆ ಜಾಲಿಸಿದ ನೀರು ಬಕೆಟ್ಟಿನಲ್ಲಿ ಹಿಡಿದಿಡಿ. ಸೂರ್ಯ ಮುಳುಗಿದ ಮೇಲೆ ಅದನ್ನೇ ಚಿಮುಕಿಸಿ.

ಫ್ಯಾನು, ಕೂಲರು

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈ ಬೆವರು ಆರಿಸುತ್ತದೆ ಅಷ್ಟೇ. ಯಾರೂ ಇಲ್ಲದ ಕೋಣೆಯಲ್ಲಿ ಸುಮ್ನೆ ತಿರುಗಿಸಬೇಡಿ. ಸಂಜೆ ಟೇಬಲ್ ಫ್ಯಾನನ್ನು ಒಂದು ಕಿಟಕಿಯಲ್ಲಿ ಹೊರಮುಖವಾಗಿ ಇಡಿ, ಎದುರಿನ ಕಿಟಕಿ ತೆರೆಯಿರಿ. ಒಳಗಿನ ಕಾವು ಹೊರಗೆ ಹೋಗಿ ಆ ಕಡೆಯಿಂದ ತಂಗಾಳಿ ಬರುತ್ತದೆ. ಹೊಸ ಫ್ಯಾನು ಕೊಳ್ಳುವುದಿದ್ದರೆ ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಮೋಟಾರಿನದು ತೆಗೆದುಕೊಳ್ಳಿ, ಹಳೆಯದಕ್ಕೆ 70–75 ವಾಟ್ ಬೇಕಾದರೆ ಇದಕ್ಕೆ ಮೂವತ್ತರ ಆಚೀಚೆ.

ಕೂಲರ್ ಹಾಕಿ ಬಾಗಿಲು ಮುಚ್ಚಿದರೆ ಮನೆ ಇಡ್ಲಿ ಪಾತ್ರೆ ಆಗುತ್ತದೆ. ಕಿಟಕಿ ತೆರೆದಿರಲೇಬೇಕು. ಮೇ ಮಳೆ ಶುರುವಾದ ಮೇಲೆ ಅದರಿಂದ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಿ. ಡೆಂಗಿ ಸೊಳ್ಳೆ ಹುಟ್ಟುವುದು ಇಂಥಲ್ಲೇ.

ಊಟ, ಪಾನೀಯ

ನಿಮಗೆ ಗೊತ್ತಿರುವುದೇ:

- ನೀರು ಮಜ್ಜಿಗೆ, ರಾಗಿ ಅಂಬಲಿ, ಪಾನಕ, ಕೋಸಂಬರಿ
- ನೆನೆಸಿದ ಕಾಮಕಸ್ತೂರಿ ಬೀಜ
- ಮಣ್ಣಿನ ಮಡಕೆ. ಪಾಟರಿ ಟೌನಿನಲ್ಲಿ ಸಿಗುತ್ತದೆ. ಸ್ಟೀಲ್ ತಟ್ಟೆಯ ಬದಲು ತೆಳು ಬಟ್ಟೆ ಮುಚ್ಚಿ.
- ಮಡಕೆಗೆ ಒಂದು ಹಿಡಿ ಲಾವಂಚದ ಬೇರು. ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ.
- ಸಾರು, ಪಲ್ಯ ಬೆಳಗ್ಗೆ ಎಂಟರೊಳಗೆ ಮುಗಿಸಿ. ಮಧ್ಯಾಹ್ನ ಒಲೆ ಹಚ್ಚಬೇಡಿ.

ಸಣ್ಣಪುಟ್ಟದ್ದು

ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಬಿಸಿನೀರೇ. ಸಂಜೆ ಸ್ನಾನಕ್ಕೆ ಬೆಳಗ್ಗೆಯೇ ಬಕೆಟ್ ತುಂಬಿಡಿ, ಆದರೆ ಮುಚ್ಚಿಡಿ.

ವಯಸ್ಸಾದವರು, ಎಳೆಮಕ್ಕಳು ಮಂಕಾದರೆ, ಮಾತು ತೊದಲಿದರೆ, ಮೈ ಸುಡುತ್ತಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿ ಹಾಕಿ.

ರಾಮನವಮಿ ದಿನಗಳಲ್ಲಿ ಸಂಜೆ ಮನೆಯಲ್ಲಿ ಕೂತು ಬೇಯಬೇಡಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಸಂಗೀತಕ್ಕೆ ಹೋಗಿ. ಜಾಲರಿ ಹಾಕಿದ ಕಿಟಕಿಗಳನ್ನು ತೆರೆದು ಹೋದರೆ, ನೀವು ಬರುವಷ್ಟರಲ್ಲಿ ಮನೆ ಒಂದಿಷ್ಟು ಆರಿರುತ್ತದೆ.

ತಾರಸಿಗೆ ಬಳಿಯುವ ಉದ್ದ ಹಿಡಿಯ ಬ್ರಶ್ಶು ಎರಡು, ಸುಣ್ಣ ಕದಡುವ ಡ್ರಮ್ಮು ಒಂದು ಸಂಘದ ಕೋಣೆಯಲ್ಲಿವೆ. ಬಾಡಿಗೆ ಇಲ್ಲ, ಹೆಸರು ಬರೆಸಿ ಒಯ್ಯಿರಿ. ತೊಳೆದು ತಂದುಕೊಡಿ. ಹೋದ ವರ್ಷ ಒಬ್ಬರು ಸುಣ್ಣ ಗಟ್ಟಿಯಾದ ಬ್ರಶ್ಶನ್ನು ಹಾಗೇ ಬಾಗಿಲ ಹತ್ತಿರ ಇಟ್ಟು ಹೋಗಿದ್ದರು. ಯಾರು ಅಂತ ನಮಗೆ ಗೊತ್ತು.